ರೇಸಿನ ಲೆಕ್ಕವನ್ನೂ ಬರಿ, ಮಂಜ

ಪ್ರೀತಿಯ ಮಂಜ,

ಹೋದ ವಾರ ಫೋನಿನಲ್ಲಿ ಕುದುರೆ ರೇಸು, ಇಸ್ಪೀಟಿನ ಮಾತು ಬಂದಾಗ "ಒಟ್ಟಾರೆ ನೋಡಿದ್ರೆ ನಾನು ಲಾಭದಲ್ಲೇ ಇದ್ದೀನಿ ಕಣೋ" ಅಂದೆಯಲ್ಲ, ಆ ಮಾತು ತಲೆಯಲ್ಲೇ ಕೂತಿದೆ. ನಾಲ್ಕು ಜನರ ಕಣ್ಣಿಗೆ ಬೀಳುವ ಹಾಗೆ ಬರೆದೆ ಅಂತ ಬೇಜಾರಾಗಬೇಡ. ನಿನ್ನ ಹೆಸರು ಬದಲಿಸಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಈ ಮಾತು ಹೇಳುವವನು ನೀನೊಬ್ಬನೇ ಅಲ್ಲ.

ನೀನು ಲೆಕ್ಕ ಬಾರದವನಲ್ಲ. ಕೋಲಾರದ ಮಂಡಿಗೆ ಟೊಮ್ಯಾಟೊ ಹಾಕಿದ ದಿನ ಚೀಟಿಯ ಒಂದೊಂದು ಸಾಲನ್ನೂ ನೋಡುತ್ತೀಯ. ಎಷ್ಟು ಬಾಕ್ಸು, ಯಾವ ರೇಟು, ಗಾಡಿ ಬಾಡಿಗೆ ಎಷ್ಟು, ಇಳಿಸಿದ ಕೂಲಿ ಎಷ್ಟು. ಎರಡು ಬಾಕ್ಸಿನ ಕೂಲಿ ಜಾಸ್ತಿ ಹಿಡಿದಿದ್ದಾರೆ ಅಂತ ವಾಪಸ್ ಹೋಗಿ ಇಸ್ಕೊಂಡು ಬಂದವನು ನೀನು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಊರೆಲ್ಲ ಕುಣಿಯುತ್ತಿತ್ತು. ನೀನು ಮಾತ್ರ ಔಷಧಿ, ಕಡ್ಡಿ, ದಾರದ ಖರ್ಚು ಕಳೆದೇ ಲಾಭ ಹೇಳಿದೆ. ಬೆಂಗಳೂರಿನ ರೇಸಿಗೆ, ತೋಪಿನ ಇಸ್ಪೀಟಿಗೆ ಮಾತ್ರ ಯಾಕೆ ಪೆನ್ನು ಹಿಡಿಯಲ್ಲ?

ಗೆದ್ದ ದಿನ ಮಟನ್ ತರುತ್ತೀಯ, ನಾಲ್ಕು ಜನಕ್ಕೆ ಹೇಳುತ್ತೀಯ, ಅದು ನೆನಪಿರುತ್ತೆ. ಸೋತ ದಿನ ಸುಮ್ನೆ ಮಲಗುತ್ತೀಯ. "ಒಂದೇ ಒಂದು ಎಲೆ ಬಿದ್ದಿದ್ರೆ" ಅನ್ನುವ ಆಟವಂತೂ ನಿನ್ನ ಮನಸ್ಸಿನಲ್ಲಿ ಅರ್ಧ ಗೆದ್ದ ಹಾಗೇ ಇರುತ್ತೆ. ದುಡ್ಡು ಮಾತ್ರ ಪೂರ್ತಿ ಹೋಗಿರುತ್ತೆ.

ಪ್ರತಿ ಆಟ ಬರೆಯೋದು ಬೇಡ. ಮನೆಯಿಂದ ಎಷ್ಟು ತಗೊಂಡು ಹೋದೆ, ಎಷ್ಟು ತಂದೆ, ಅಷ್ಟು ಸಾಕು. ಅಲ್ಲೇ ಯಾರ ಹತ್ತಿರವಾದರೂ ಕೈಸಾಲ ತಗೊಂಡಿದ್ದರೆ ಅದನ್ನೂ ಸೇರಿಸು. ರೈಲು ಚಾರ್ಜು, ಊಟ, ಸಾಲದ ಬಡ್ಡಿ ಎಲ್ಲ ಬರಬೇಕು. "ಗೆದ್ದ ದುಡ್ಡನ್ನೇ ಮತ್ತೆ ಕಟ್ಟಿದೆ, ಅದು ನಷ್ಟ ಅಲ್ಲ" ಅನ್ನಬೇಡ. ಗೆದ್ದ ಮೇಲೆ ಅದು ನಿನ್ನ ದುಡ್ಡೇ ತಾನೆ? ಅವತ್ತೇ ಬರಿ, ಮಲಗುವ ಮುಂಚೆ. ಬೆಳಗ್ಗೆ ಆದರೆ ಮೊತ್ತ ಕಡಿಮೆಯಾಗಿಬಿಟ್ಟಿರುತ್ತೆ.

ಹಳೆಯದೂ ಸಿಗುತ್ತೆ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಕಟ್ಟಿ ಆಡುವ ರಮ್ಮಿ ಆ್ಯಪ್‌ಗಳು ನಿಂತವು. ಆದರೆ ನೀನು ಅದಕ್ಕೆ ಹಾಕಿದ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಲಾಗಿ ಇದ್ದೇ ಇರುತ್ತೆ. ಇನ್ನೂರು, ಐನೂರು ಅಂತ ಹೋದದ್ದೇ ಜಾಸ್ತಿ ಇರುತ್ತೆ, ನೋಡು.

ತೆರಿಗೆ ವಿಷಯವೂ ಇದೆ. ರೇಸಿನಲ್ಲಿ ಗೆದ್ದ ದುಡ್ಡಿಗೆ ನೂರಕ್ಕೆ 30ರಂತೆ ತೆರಿಗೆ, ಸೆಸ್ ಬೇರೆ. ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. 20,000 ಗೆದ್ದು 30,000 ಸೋತೆ ಅಂತಿಟ್ಟುಕೋ. ಕೈಯಿಂದ ಹೋದದ್ದು 10,000. ಆದರೂ ಗೆದ್ದ 20,000ಕ್ಕೆ 6,000 ತೆರಿಗೆ ಬರುತ್ತೆ. ಅಲ್ಲಿಗೆ 16,000 ಹೋಯಿತು. ನಿನ್ನ "ಒಟ್ಟಾರೆ"ಯಲ್ಲಿ ಇದು ಸೇರಿದೆಯಾ?

ಬರೆಯೋಕೆ ಶುರು ಮಾಡಿ ಕೈ ನಡುಗಿದರೆ, ಅಥವಾ ಹೋದದ್ದನ್ನು ಹೇಗಾದರೂ ವಾಪಸ್ ತರಬೇಕು ಅಂತ ನಿದ್ದೆ ಬರದಿದ್ದರೆ, 14416ಕ್ಕೆ ಫೋನ್ ಮಾಡು. ಸರ್ಕಾರದ್ದೇ ಮಾನಸಿಕ ಆರೋಗ್ಯದ ಸಹಾಯವಾಣಿ, ಟೆಲಿ ಮಾನಸ್ ಅಂತ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದಕ್ಕಿಂತ ಮುಂಚೆ ನನಗೇ ಮಾಡಿದರೂ ಸರಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ಭಾನುವಾರ ಊರಿಗೆ ಬರುತ್ತೇನೆ. ಎರಡು ವರ್ಷದ ಸ್ಟೇಟ್‌ಮೆಂಟ್ ತೆಗೆಸಿಡು. ತಂಗಿಯೂ ಜೊತೆಗೆ ಕೂರಲಿ, ಸಾಲ ಯಾರದೆಲ್ಲ ಇದೆ ಅಂತ ಅವಳಿಗೂ ಗೊತ್ತಾಗಬೇಕು. ಮೂವರೂ ಕೂತು ಕೂಡಿ ನೋಡೋಣ.

ನಿನ್ನ ಗೆಳೆಯ