ಕೊನೇ ಅಂಕಿ 6 ಅಲ್ಲ ಸಾರ್, 5

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಚದುರಂಗದ ಅಕ್ಕಿಕಾಳಿನ ಲೆಕ್ಕ ಹಾಕಿದ್ರಲ್ಲ, ಮೊದಲನೇ ಮನೆಗೆ ಒಂದು ಕಾಳು, ಎರಡನೇದಕ್ಕೆ 2, ಆಮೇಲೆ 4, 8 ಹಿಂಗೇ ಡಬಲ್ ಮಾಡ್ತಾ 64ನೇ ಮನೆವರೆಗೆ ಹೋದ್ರೆ ಒಟ್ಟು ಎಷ್ಟು ಅಂತ, ಅದರ ಉತ್ತರ 18446744073709551616 ಅಂತ ಪ್ರಿಂಟ್ ಆಗಿದೆ. ತಪ್ಪು ಸಾರ್. ಕೊನೇಲಿ 5 ಬರ್ಬೇಕು.

ಒಂದು ಕಾಳಿಗೆ ಇಷ್ಟು ರಗಳೆ ಯಾಕಪ್ಪ ಅನ್ಬೇಡಿ. ನಾನು ಬ್ಯಾಂಕಲ್ಲಿ ಕ್ಯಾಶಿಯರ್ ಆಗಿದ್ದೋನು, ಒಂದ್ರೂಪಾಯಿ ಟ್ಯಾಲಿ ಆಗ್ಲಿಲ್ಲ ಅಂದ್ರೆ ರಾತ್ರಿ ಎಂಟಾದ್ರೂ ಮನೆಗೆ ಹೋಗೋ ಹಾಗಿರ್ಲಿಲ್ಲ. ಇದನ್ನ ಹಿಡಿಯೋಕೆ ಕ್ಯಾಲ್ಕುಲೇಟರೂ ಬೇಡ. ಮೊದಲನೇ ಮನೇಲಿ ಒಂದೇ ಕಾಳು, ಮಿಕ್ಕಿದ್ದು 63 ಮನೇಲೂ ಸರಿಸಂಖ್ಯೆ, ಎಲ್ಲಾ ಕೂಡಿದ್ರೆ ಬೆಸವೇ ಬರ್ಬೇಕು ತಾನೇ? ನೀವು ಕೊಟ್ಟಿರೋದು 65ನೇ ಮನೆ ಅಂತ ಒಂದಿದ್ದಿದ್ರೆ ಅಲ್ಲಿಡೋ ಕಾಳು. ನನ್ನ ಅನುಮಾನ, ಯಾರೋ ಕಂಪ್ಯೂಟರಲ್ಲಿ ಹಾಕಿ ಬಂದಿದ್ದನ್ನ ಹಂಗೇ ಇಳಿಸಿದಾರೆ. ದಶಮಾಂಶದ ಲೆಕ್ಕ ಮಾಡೋವಾಗ ಅದಕ್ಕೆ ಸುಮಾರು 16 ಅಂಕಿ ಮಾತ್ರ ನೆಟ್ಟಗೆ ಹಿಡಿಸುತ್ತೆ, ಇದು 20 ಅಂಕಿದು, ಅದಕ್ಕೇ ಒಂದು ಕಳೆದ್ರೂ ಕಳೆಯೋದೇ ಇಲ್ಲ. ನಾನೂ ಎಕ್ಸೆಲ್‌ನಲ್ಲಿ ಹಾಕಿ ನೋಡ್ದೆ, ಕೊನೇಗೆ ಬರೀ ಸೊನ್ನೆ ತುಂಬಿ ಕೊಡ್ತು!

ಆ ಒಂದು ಕಾಳು ಕಳೆದ್ರೇನೇ ಮಜಾ ಇರೋದು. ನಿಮ್ಮ ಸಂಖ್ಯೇನ ಒಡೆದ್ರೆ ಬರೀ 2, 2, 2 ಅಂತ 64 ಸಲ, ಬೇರೇನಿಲ್ಲ. 615ರಲ್ಲಿ ಮುಗಿಯೋದನ್ನ ಒಡೀರಿ: ಕೊನೇಲಿ 5 ಇದೆ, 5ರಿಂದ ಹೋಗುತ್ತೆ, ಅಂಕಿ ಎಲ್ಲಾ ಕೂಡಿದ್ರೆ 87, ಅಂದ್ರೆ 3ರಿಂದಲೂ ಹೋಗುತ್ತೆ, ಹೈಸ್ಕೂಲಿನ ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರಾನೇ ಮೇಲಿಂದ ಮೇಲೆ ಹಾಕಿದ್ರೆ 3×5×17×257×65537×4294967297 ಅಂತ ಬಿಚ್ಕೊಳ್ಳುತ್ತೆ. 2, 4, 16, 256 ಹಿಂಗೇ ವರ್ಗ ಮಾಡ್ತಾ ಹೋಗಿ ಒಂದೊಂದಕ್ಕೂ 1 ಕೂಡಿದ್ರೆ ಬರೋ ಈ ಜಾತಿ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ಫರ್ಮಾ ಅನ್ನೋ ಗಣಿತಜ್ಞ ನಂಬಿದ್ದ. ಮೊದಲ ಐದು ಹೌದು. ಆರನೇದನ್ನ 1732ರಲ್ಲಿ ಆಯ್ಲರ್ ಅನ್ನೋ ಇನ್ನೊಬ್ಬ ಗಣಿತಜ್ಞ 641ರಿಂದ ಭಾಗಿಸಿಬಿಟ್ಟ. 65537 ಆದ್ಮೇಲೆ ಅಂಥ ಅವಿಭಾಜ್ಯ ಇವತ್ತಿಗೂ ಒಂದೂ ಸಿಕ್ಕಿಲ್ಲ.

ಆ ಆರನೇದನ್ನ ನಾನೂ ನಿಮ್ಮ ಪೇಪರಿನ ಮಾರ್ಜಿನ್‌ನಲ್ಲೇ 641ರಿಂದ ಭಾಗಿಸಿ ನೋಡ್ದೆ, 6 ಸಲ, 7 ಸಲ ಹೋಗಿ ಬರೀ 2 ಶೇಷ ಉಳಿಯುತ್ತೆ, ಅಲ್ಲಿಂದ ಎರಡು ಸೊನ್ನೆ ಹಾಕ್ಬೇಕು, ಒಂದು ಮರೆತ್ರೆ ಮುಗೀತು, ಕೊನೇಗೆ 6700417 ಬಂದು ಶೇಷ ಸೊನ್ನೆ.

ತಿದ್ದುಪಡೀನ ದಯವಿಟ್ಟು ಒಳಗಿನ ಮೂಲೇಲಿ ಹಾಕ್ಬೇಡಿ, ಮಕ್ಕಳ ಪುಟದಲ್ಲೇ ಹಾಕಿ. ನಮ್ಮ ಮೊಮ್ಮಗಳು ನೋಟ್‌ಬುಕ್ಕಲ್ಲಿ ಎರಡು ಪೇಜ್ ಡಬಲ್ ಮಾಡಿ ಕೂಡಿ ಸರಿಯಾಗೇ 615 ತಂದಿದ್ಲು, ನಿಮ್ಮ ಉತ್ತರ ನೋಡಿ 5ನ್ನ ಹೊಡೆದು 6 ಮಾಡ್ಕೊಂಡಿದಾಳೆ. ನಾನು ಹೇಳಿದ್ರೆ ನಂಬ್ತಿಲ್ಲ, ಪೇಪರಲ್ಲೇ ಬಂದಿದೆಯಲ್ಲ ತಾತ ಅಂತಾಳೆ.

— ನಿವೃತ್ತ ಕ್ಯಾಶಿಯರ್, ದಾವಣಗೆರೆ