ಅಪ್ಪನ ಫ್ಲಾಪಿ ಉಳಿಸಿಕೊಟ್ಟವರಿಗೆ

ಕಳೆದ ಭಾನುವಾರ ನಮ್ಮ ಮನೆಯ ಬಿಬಿಸಿ ಮೈಕ್ರೋ ಮತ್ತೆ ಶುರುವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಮಳೆನೀರು ಮನೆಗೆ ನುಗ್ಗಿ ಹಾಳಾದ ಹಳೇ ಕಂಪ್ಯೂಟರ್‌ಗಳಲ್ಲಿ ಸರಿಯಾಗದೆ ಉಳಿದಿದ್ದು ಇದೊಂದೇ. ಇನ್ನು ಥ್ಯಾಂಕ್ಸ್ ಹೇಳುವುದನ್ನು ಮುಂದಕ್ಕೆ ಹಾಕಲು ನನಗೆ ಮನಸ್ಸಿಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದೇನೆ, ನಿಜ. ಆದರೆ ಅವರು ಏನು ಮಾಡಿದರು ಅನ್ನೋದು ಬೇರೆಯವರಿಗೂ ಗೊತ್ತಾಗಬೇಕು. ಹೆಸರು ಹಾಕಬೇಡ ಅಂತ ಎಲ್ಲರೂ ಹೇಳಿದ್ದಾರೆ. ಅದಕ್ಕೇ ಅವರನ್ನೆಲ್ಲ ಊರಿನ ಹೆಸರು ಹಿಡಿದು ಕರೆಯುತ್ತೇನೆ.

ಆ ಮಳೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರ್‌ನಲ್ಲೂ ದೋಣಿಯಲ್ಲೂ ಸಾಗಿಸಿದರು. ನಮ್ಮ ಮನೆಯೂ ಆ ಕಡೆಯೇ. ರಾತ್ರೋರಾತ್ರಿ ಅಮ್ಮನನ್ನು, ಮಕ್ಕಳನ್ನು, ಮನೆಪತ್ರಗಳನ್ನು ಮೇಲಿನ ಮಹಡಿಗೆ ಸೇರಿಸಿದೆವು. ಕೆಳಗಿನ ಕೋಣೆಯಲ್ಲಿ ಇದ್ದದ್ದೆಲ್ಲ ನೀರಿನಲ್ಲೇ ಉಳಿಯಿತು. ಒಂದು ಬಿಬಿಸಿ ಮೈಕ್ರೋ, ಒಂದು ಕಮೊಡೋರ್ 64, ಪುಣೆಯ ಡೆಸಿಬೆಲ್ಸ್ ಕಂಪನಿ ಮಾಡಿದ ಸ್ಪೆಕ್ಟ್ರಮ್, ಒಂದು 286 ಪಿಸಿ. ಜೊತೆಗೆ ಅಪ್ಪನ ಫ್ಲಾಪಿಗಳಿದ್ದ, ಅಂದರೆ ಆಗ ಫೈಲು ಉಳಿಸಿಡುತ್ತಿದ್ದ ತೆಳು ಡಿಸ್ಕುಗಳಿದ್ದ ತಗಡಿನ ಟ್ರಂಕು.

ಆ ಟ್ರಂಕಿನ ವಿಷಯ ಹೇಳಲೇಬೇಕು. ಅಪ್ಪ ಕೆಲಸ ಮಾಡುತ್ತಿದ್ದ ಆಫೀಸಿಗೆ ತೊಂಬತ್ತರ ದಶಕದ ಶುರುವಿನಲ್ಲಿ ಜಿಸ್ಟ್ ಕಾರ್ಡ್ ಹಾಕಿದ ಕಂಪ್ಯೂಟರ್ ಬಂದಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿಡ್ಯಾಕ್ ಅನ್ನೋ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಕಾರ್ಡ್ ಅದು. ಅದಿದ್ದರೆ ವಿಂಡೋಸ್‌ಗೂ ಮೊದಲಿನ ಡಾಸ್‌ನಲ್ಲೇ ಕನ್ನಡ ಟೈಪ್ ಮಾಡಬಹುದಿತ್ತು. ಅಪ್ಪ ಕೆಲಸ ಮುಗಿದ ಮೇಲೆ ಅಲ್ಲೇ ಕೂತು, ನಮ್ಮ ಊರಿನ ಹೆಂಗಸರು ಹೇಳುತ್ತಿದ್ದ ಸೋಬಾನೆ ಪದ, ಬೀಸುವ ಪದಗಳನ್ನು ಒಂದೊಂದಾಗಿ ಟೈಪ್ ಮಾಡುತ್ತಿದ್ದರು. ಬರೆದುಕೊಂಡಿದ್ದ ನೋಟ್‌ಬುಕ್‌ಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಪದ ಹೇಳಿದ ಅಜ್ಜಿಯರಲ್ಲಿ ಯಾರೂ ಇಲ್ಲ. ಅಪ್ಪನೂ ಇಲ್ಲ. ಉಳಿದಿದ್ದು ಆ ಐದೂಕಾಲು ಇಂಚಿನ ಫ್ಲಾಪಿಗಳಷ್ಟೇ. ಅವು ಕೆಸರು ನೀರಿನಲ್ಲಿ ಮುಳುಗಿದ್ದವು.

ಮೊದಲು ಬಂದಿದ್ದು ಇಂಗ್ಲೆಂಡಿನ ಲೀಡ್ಸ್‌ನಿಂದ ಫೋನು. ನಮ್ಮ ಮಕ್ಕಳು ಅವರನ್ನು ಲೀಡ್ಸ್ ತಾತ ಅನ್ನುತ್ತಾರೆ. ಬಿಬಿಸಿ ಮೈಕ್ರೋ ರಿಪೇರಿ ಮಾಡುವುದರಲ್ಲೇ ನಿವೃತ್ತಿಯ ಕಾಲ ಕಳೆಯುತ್ತಿರುವವರು. ಒಂದು ಕೀಬೋರ್ಡಿನ ವಿಷಯಕ್ಕೆ ಆನ್‌ಲೈನ್‌ನಲ್ಲಿ ಪರಿಚಯವಾದವರು, ಆಮೇಲೆ ಮನೆಯವರೇ ಆಗಿಬಿಟ್ಟರು. ಅವತ್ತು ಅವರ ಊರಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. "ಯಾವುದಕ್ಕೂ ಕರೆಂಟ್ ಕೊಡಬೇಡ. ಬ್ಯಾಟರಿ ಇದ್ದರೆ ಮೊದಲು ಕತ್ತರಿಸಿ ತೆಗೆ. ಫ್ಲಾಪಿಗಳನ್ನು ಒಣಗಲು ಬಿಡಬೇಡ." ಈ ಮೂರು ಮಾತನ್ನು ನನ್ನ ಬಾಯಲ್ಲಿ ಮತ್ತೆ ಹೇಳಿಸಿದ ಮೇಲೇ ಫೋನ್ ಇಟ್ಟಿದ್ದು.

ಒದ್ದೆಯಾಗಿದ್ದನ್ನು ಒಣಗಿಸಬೇಕು ಅಂತಲೇ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ಆಫ್ ಆಗಿದ್ದ ಬೋರ್ಡನ್ನು ಬರೀ ನೀರು ಅಷ್ಟು ಬೇಗ ಕೊಲ್ಲುವುದಿಲ್ಲ. ಒದ್ದೆ ಇರುವಾಗ ಹರಿಯುವ ಕರೆಂಟ್ ಕೊಲ್ಲುತ್ತದೆ. ಆಮೇಲೆ ಒಣಗಿ ಕೂರುವ ಕೆಸರು, ಉಪ್ಪು ನಿಧಾನಕ್ಕೆ ತಿನ್ನುತ್ತದೆ. ಫ್ಲಾಪಿಯಲ್ಲಂತೂ ಕೆಸರು ಒಣಗಿದರೆ ಕಾಂತದ ಪದರಕ್ಕೇ ಅಂಟಿಕೊಳ್ಳುತ್ತದೆ. ಅದಕ್ಕೆ ಅವನ್ನು ತಣ್ಣನೆಯ ಶುದ್ಧ ನೀರಲ್ಲೇ ಇಟ್ಟು, ಕೈಗೆ ಬಿಡುವಾದಾಗ ತೊಳೆಯಬೇಕು. ನಾನು ಅವತ್ತು ಅಕ್ಕಿ ತೊಳೆಯುವ ಪಾತ್ರೆಗಳಲ್ಲೆಲ್ಲ ಫ್ಲಾಪಿ ಮುಳುಗಿಸಿಟ್ಟೆ.

ನೀರು ಇಳಿದ ದಿನ ಬಸವನಗುಡಿಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಅಲ್ಲಿಯವರೆಗೆ ಅವರ ಮುಖವನ್ನೇ ನಾನು ನೋಡಿರಲಿಲ್ಲ. ಹಳೇ ಟೇಪುಗಳ ಬಗ್ಗೆ ಮೆಸೇಜಿನಲ್ಲಿ ಮಾತಾಡಿದ್ದೇ ಪರಿಚಯ. ಕಾರಿನ ತುಂಬ ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳು, ಐಸೋಪ್ರೊಪೈಲ್ ಆಲ್ಕೋಹಾಲ್ ಬಾಟಲಿಗಳು, ಮೆತ್ತನೆ ಬ್ರಷ್‌ಗಳು. ಜೊತೆಗೆ ನಮಗೆಲ್ಲ ಚಿತ್ರಾನ್ನ. ಮನೆಯೊಳಗೆ ಇನ್ನೂ ಕೆಸರಿತ್ತು. ಅವರು ಚಪ್ಪಲಿ ಬಿಟ್ಟು ನೇರ ಕೆಲಸಕ್ಕೆ ಕೂತರು.

ಫ್ಲಾಪಿ ತೊಳೆಯುವುದು ಹೀಗೆ. ಕಪ್ಪು ಕವಚದ ಒಂದು ಅಂಚನ್ನು ಬ್ಲೇಡಿನಿಂದ ಸೀಳಬೇಕು. ಒಳಗಿನ ತೆಳು ಡಿಸ್ಕನ್ನು ನಡುವಿನ ತೂತಿನ ಅಂಚು ಹಿಡಿದು ಹೊರಗೆ ತೆಗೆಯಬೇಕು. ಒಂದೆರಡು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ಆಡಿಸಿ, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯ ಮೇಲೆ ಒಣಗಿಸಬೇಕು. ಆಮೇಲೆ ಬೇರೆ ಸ್ವಚ್ಛ ಕವಚಕ್ಕೆ ಹಾಕಬೇಕು. ಹಳೇ ಕವಚದ ಒಳಪದರದಲ್ಲಿ ಕೆಸರು ಕೂತಿರುತ್ತದೆ, ಅದು ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಆ ಸ್ವಚ್ಛ ಕವಚ ಎಲ್ಲಿಂದ ತರುವುದು? ಐದೂಕಾಲು ಇಂಚಿನ ಫ್ಲಾಪಿ ಮಾಡುವುದನ್ನು ಕಂಪನಿಗಳು ಬಿಟ್ಟು ಬಹಳ ಕಾಲವಾಯಿತು. ಬಸವನಗುಡಿಯ ಅಕ್ಕ ತಮ್ಮ ಚೀಲದಿಂದ ಸೀಲ್ ಒಡೆಯದ ಖಾಲಿ ಫ್ಲಾಪಿ ಡಬ್ಬಗಳನ್ನು ತೆಗೆದರು. ಸಂಗ್ರಹ ಮಾಡುವವರಿಗೆ ಸೀಲ್ ಒಡೆಯದ ಡಬ್ಬ ಅಂದರೆ ಏನು ಅಂತ ಗೊತ್ತು. ಒಂದು ಮಾತೂ ಆಡದೆ ಒಡೆದರು. ಒಂದೊಂದೇ ಹೊಸ ಫ್ಲಾಪಿ ಸೀಳಿ, ಒಳಗಿನ ಡಿಸ್ಕ್ ತೆಗೆದು ಪಕ್ಕಕ್ಕಿಟ್ಟು, ಅಪ್ಪನ ಡಿಸ್ಕನ್ನು ಅದರೊಳಗೆ ಕೂರಿಸಿದರು. ಅಕ್ಕಾ, ನಿಮಗೆ ನಾನು ಏನು ಕೊಟ್ಟರೂ ಅದು ತೀರುವುದಿಲ್ಲ.

ಓದಿಸುವ ಕೆಲಸ ಪುಣೆ ಕಾಕಾ ಅವರದು. ಮರಾಠಿ ಮನೆಮಾತಿನ ಹಿರಿಯರು. ಆ ಕಾಲದಲ್ಲಿ ಆಫೀಸುಗಳ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು, ಒಂದು ಜಿಸ್ಟ್ ಕಾರ್ಡನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕೊರಿಯರ್‌ನಲ್ಲಿ ಕಳಿಸಲು ನನಗೆ ಧೈರ್ಯವಿರಲಿಲ್ಲ. ಬಸವನಗುಡಿಯ ಅಣ್ಣ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಫ್ಲಾಪಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಪುಣೆಗೆ ಹೋಗಿ ಬಂದರು.

ಕಾಕಾ ಫ್ಲಾಪಿ ಡ್ರೈವನ್ನು ಗ್ರೀಸ್‌ವೀಝಲ್ ಅನ್ನೋ ಸಣ್ಣ ಬೋರ್ಡಿಗೆ ಜೋಡಿಸಿ ಓದಿಸಿದರು. ಮಾಮೂಲಿ ಕಂಪ್ಯೂಟರ್ ಫ್ಲಾಪಿಯಲ್ಲಿ ಫೈಲು ಹುಡುಕುತ್ತದೆ, ತಪ್ಪು ಕಂಡರೆ ಕೈಚೆಲ್ಲುತ್ತದೆ. ಇದು ಹಾಗಲ್ಲ. ಡಿಸ್ಕಿನ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗಿದೆಯೋ ಅದನ್ನು ಇದ್ದಹಾಗೇ ದಾಖಲೆ ಮಾಡಿಕೊಳ್ಳುತ್ತದೆ. ಅಕ್ಷರ ಬಿಡಿಸುವ ಕೆಲಸ ಆಮೇಲೆ, ನಿಧಾನವಾಗಿ. ಹಾಳಾದ ಡಿಸ್ಕನ್ನು ಪದೇ ಪದೇ ತಿರುಗಿಸಬೇಕಾಗಿಲ್ಲ. ಇದನ್ನು ಮಾಡಿದ ಕೀರ್ ಫ್ರೇಸರ್ ಅದರ ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಲಿ ಅಂತ ಸುಮ್ನೆ ಕೊಟ್ಟುಬಿಟ್ಟಿದ್ದಾರೆ. ನಾನು ಅವರನ್ನು ಕಂಡವಳಲ್ಲ. ಅವರಿಗೂ ಇಲ್ಲಿಂದಲೇ ಒಂದು ನಮಸ್ಕಾರ. ಕಾಕಾ ಒಂದೊಂದು ಡಿಸ್ಕ್ ಆದ ಮೇಲೂ ಡ್ರೈವಿನ ಹೆಡ್ ಒರೆಸಿ ಮುಂದಿನದಕ್ಕೆ ಕೈಹಾಕುತ್ತಿದ್ದರು. ಕಣ್ಣಿನ ಆಪರೇಷನ್ ಆಗಿ ಹೆಚ್ಚು ದಿನ ಆಗಿರಲಿಲ್ಲ ಅವರಿಗೆ.

ಒಂದು ಸಂಜೆ ಕಾಕಾ ಫೋನ್ ಮಾಡಿ, "ಬೇಟಾ, ಇದು ನಿಮ್ಮ ಭಾಷೆಯೇ ಹೌದಾ, ಕೇಳು" ಅಂದರು. ಓದಲು ಶುರು ಮಾಡಿದರು. ಮದುಮಗಳನ್ನು ಗಂಡನ ಮನೆಗೆ ಕಳಿಸುವ ಪದ. ನಮ್ಮ ಅಜ್ಜಿ ಹೇಳುತ್ತಿದ್ದದ್ದು. ಕಾಕಾಗೆ ಕನ್ನಡ ಬರುವುದಿಲ್ಲ. ಆದರೆ ಜಿಸ್ಟ್ ಕಾರ್ಡ್ ಬಳಸುತ್ತಿದ್ದ ಇಸ್ಕಿ ಕೋಡ್‌ನಲ್ಲಿ ಕನ್ನಡ, ದೇವನಾಗರಿಯಂಥ ಭಾರತದ ಲಿಪಿಗಳಿಗೆ ಒಂದೇ ಲೆಕ್ಕ. ಕನ್ನಡದ "ಕ"ಗೂ ದೇವನಾಗರಿಯ "ಕ"ಗೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಅದೇ ಫೈಲು ದೇವನಾಗರಿಯಲ್ಲಿ ಕಾಣುತ್ತದೆ. ಮರಾಠಿಯವರಿಗೂ ಳಕಾರ ಇದೆ, ಹಾಗಾಗಿ ನಾಲಗೆ ಎಲ್ಲೂ ತಡವರಿಸಲಿಲ್ಲ. ಅರ್ಥವೇ ಗೊತ್ತಿಲ್ಲದ ಪದವನ್ನು ಅವರು ಕೊನೆಯ ಸಾಲಿನವರೆಗೂ ಓದಿದರು. ಅಮ್ಮ ನನ್ನ ಪಕ್ಕದಲ್ಲೇ ಕೂತು ಕೇಳಿದರು. ಮಾತಾಡಲು ಆಗದೆ ಫೋನನ್ನು ನನ್ನ ಕೈಗೆ ಕೊಟ್ಟರು. ಮೂವತ್ತಕ್ಕೂ ಜಾಸ್ತಿ ಇದ್ದ ಫ್ಲಾಪಿಗಳಲ್ಲಿ ಎರಡನ್ನು ಬಿಟ್ಟು ಬಾಕಿ ಎಲ್ಲವೂ ಸಿಕ್ಕವು.

ಇಸ್ಕಿ ಫೈಲುಗಳನ್ನು ಯುನಿಕೋಡಿಗೆ, ಅಂದರೆ ಈಗಿನ ಫೋನು, ಕಂಪ್ಯೂಟರ್‌ಗಳು ಬಳಸುವ ಅಕ್ಷರ ಕೋಡಿಗೆ ತಂದವರು ಹುಬ್ಬಳ್ಳಿಯ ಮೇಷ್ಟ್ರು. ಯುನಿಕೋಡಿನಲ್ಲಿ ನಮ್ಮ ಅಕ್ಷರಗಳ ಸಾಲು ಇಸ್ಕಿಯನ್ನೇ ಅನುಸರಿಸಿ ಬಂದಿದ್ದು, ಹಾಗಾಗಿ ಮುಕ್ಕಾಲು ಕೆಲಸ ಸುಲಭ. ಉಳಿದ ಕಾಲು ಭಾಗವೇ ತಾಳ್ಮೆ ಕೇಳುವುದು. ಕಾಲೇಜಿನ ಪೇಪರ್ ತಿದ್ದುವ ಕೆಲಸದ ನಡುವೆ ಪ್ರೋಗ್ರಾಮ್ ಬರೆದರು. ಒಡೆದುಹೋದ ಒತ್ತಕ್ಷರಗಳನ್ನು ಸಾಲು ಸಾಲಾಗಿ ನೋಡಿ ಸರಿ ಮಾಡಿದರು. "ಅಕ್ಕಾರೆ, ಇಲ್ಲಿ ಒಂದ್ ಅಕ್ಷರ ಹಾರೇತ್ರಿ, ಅಮ್ಮಾರಿಗೆ ಕೇಳಿ ಹೇಳ್ರಿ" ಅಂತ ಅವರ ಮೆಸೇಜ್ ಬರುತ್ತಿತ್ತು. ಅಮ್ಮ ಪದ ಗುನುಗಿಕೊಂಡು ಅಕ್ಷರ ಹೇಳುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಹಾಡಿದ್ದನ್ನು ನಾನು ಕೇಳಿದ್ದು ಆ ದಿನಗಳಲ್ಲೇ.

ಬಾಕಿ ಯಂತ್ರಗಳ ಕತೆ ಬೇಗ ಹೇಳುತ್ತೇನೆ. 286ರ ಬೋರ್ಡಿನ ಮೇಲೆ ಬ್ಯಾಟರಿ ಸೋರಿದ ಕಲೆಗೆ ವಿನೆಗರ್ ಹಚ್ಚಿ ತೊಳೆದೆವು, ಅದು ಬದುಕಿತು. ಸ್ಪೆಕ್ಟ್ರಮ್‌ಗೆ ಕೀಬೋರ್ಡಿನ ಒಳಪದರ ಮಾತ್ರ ಬದಲಾಯಿಸಬೇಕಾಯಿತು. ಕಮೊಡೋರ್‌ನ ಧ್ವನಿಯ ಚಿಪ್, ಸಿಡ್ ಅನ್ನುತ್ತಾರೆ, ಸತ್ತಿತ್ತು. ಕೊಯಮತ್ತೂರಿನ ಹುಡುಗನೊಬ್ಬ ತನ್ನ ಹತ್ತಿರ ಇದ್ದ ಒಂದೇ ಒಂದು ಬಿಡಿ ಸಿಡ್ ಕಳಿಸಿದ. ಕಮೊಡೋರ್ ಕಂಪನಿ ಮುಳುಗಿದ್ದು 1994ರಲ್ಲಿ. ಅಸಲಿ ಸಿಡ್ ಎಷ್ಟಿವೆಯೋ ಅಷ್ಟೇ. ಯಾರಾದರೂ ಒಂದನ್ನು ಕೊಟ್ಟರೆ ಅವರ ಡಬ್ಬದಲ್ಲಿ ಒಂದು ಕಡಿಮೆಯಾಗುತ್ತದೆ, ಆ ಜಾಗ ಮತ್ತೆ ತುಂಬುವುದು ಕಷ್ಟ. ದುಡ್ಡು ಕೊಡುವುದು ದೊಡ್ಡದೇ, ಇಲ್ಲ ಅನ್ನೋದಿಲ್ಲ. ಆದರೆ ದುಡ್ಡನ್ನು ಮತ್ತೆ ದುಡಿಯಬಹುದು. ಈ ಗೆಳೆಯರು ಕೊಟ್ಟಿದ್ದನ್ನು ಅವರು ಮತ್ತೆ ದುಡಿಯಲಾರರು. ಅದು ಗೊತ್ತಿದ್ದೇ ಕೊಟ್ಟರು. ನನ್ನನ್ನು ತಬ್ಬಿಬ್ಬು ಮಾಡಿದ್ದು ಇದೇ.

ಇನ್ನು ಬಿಬಿಸಿ ಮೈಕ್ರೋ. 1981ರಲ್ಲಿ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ ಬಿಬಿಸಿಗಾಗಿ ಮಾಡಿದ್ದು. 1984ರಲ್ಲಿ ಶುರುವಾದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂತು. ನಾನು ಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದು ಇದರ ಮುಂದೆಯೇ, ನಾಲ್ಕು ಜನ ಒಂದು ಬೆಂಚಿನಲ್ಲಿ ಕೂತು. ಕೆಂಪು ಫಂಕ್ಷನ್ ಕೀಗಳನ್ನು ಒತ್ತಲು ಜಗಳವಾಡುತ್ತಿದ್ದೆವು. ದೊಡ್ಡವಳಾದ ಮೇಲೆ ಗುಜರಿಯಲ್ಲಿ ಒಂದು ಕಂಡಾಗ ತರದೆ ಇರಲಾಗಲಿಲ್ಲ.

ಇದಕ್ಕಾಗಿ ಲೀಡ್ಸ್ ತಾತ ಎಷ್ಟು ಸಂಜೆಗಳನ್ನು ವಿಡಿಯೋ ಕಾಲಿನಲ್ಲಿ ಕಳೆದರೋ! ಮೊದಲು ಪವರ್ ಸಪ್ಲೈಯನ್ನು ಬೇರೆ ಮಾಡಿಸಿದರು. ಅದರಲ್ಲಿ ರಿಫಾ ಅನ್ನೋ ಕಂಪನಿಯ ಎರಡು ಕೆಪ್ಯಾಸಿಟರ್‌ಗಳಿರುತ್ತವೆ. ಒಳಗೆ ಕಾಗದ, ಹೊರಗೆ ಗಟ್ಟಿ ಕವಚ. ಕಾಲ ಕಳೆದಂತೆ ಕವಚ ಬಿರುಕು ಬಿಟ್ಟು ತೇವ ಒಳಗೆ ಸೇರುತ್ತದೆ. ಆಮೇಲೆ ಕರೆಂಟ್ ಕೊಟ್ಟರೆ ಮನೆ ತುಂಬ ಹೊಗೆ. ನೆರೆ ಬರದಿದ್ದರೂ ಬದಲಾಯಿಸಬೇಕಾದ ಭಾಗ ಅದು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸರಿಯಾದ ಬದಲಿ ಸಿಕ್ಕಿತು. ನಂತರ ಬೋರ್ಡಿಗೆ ಕರೆಂಟ್ ಕೊಟ್ಟೆವು. ಸರಿ ಇರುವ ಬಿಬಿಸಿ ಮೈಕ್ರೋ ಒಂದು ದಪ್ಪ ಸದ್ದು ಮಾಡಿ, ಮೇಲೊಂದು ಚಿಕ್ಕ ಬೀಪ್ ಕೊಡುತ್ತದೆ. ನಮ್ಮದು ದಪ್ಪ ಸದ್ದು ಶುರು ಮಾಡಿ ನಿಲ್ಲಿಸಲೇ ಇಲ್ಲ.

ಫೋನಿನಲ್ಲಿ ಆ ಸದ್ದು ಕೇಳಿಯೇ ತಾತ ಹೇಳಿದರು: "6522 ಚಿಪ್ ಎರಡಿವೆ. ಒಂದು ಇಲ್ಲದಿದ್ದರೆ ಯಂತ್ರ ಏಳುವುದೇ ಇಲ್ಲ. ಇನ್ನೊಂದು ಪ್ರಿಂಟರ್ ಕಡೆಗೆ, ಅದಿಲ್ಲದಿದ್ದರೂ ಏಳುತ್ತದೆ. ಎರಡನ್ನೂ ಅದಲು ಬದಲು ಮಾಡಿ ನೋಡು." ಮಾಡಿದೆ. ಸದ್ದು ನಿಂತು ಬೀಪ್ ಬಂತು! ಆದರೆ ಪರದೆ ಮೇಲೆ ಅಕ್ಷರದ ಬದಲು ಬರೀ ಗೆರೆಗಳು. ಈ ಸಲ ಪರದೆಗೆ ಚಿತ್ರ ಕೊಡುವ ವಿಡಿಯೋ ಯುಎಲ್‌ಎ ಕೆಟ್ಟಿತ್ತು. ಅದು ಏಕಾರ್ನ್‌ಗೆಂದೇ ಮಾಡಿಸಿದ್ದ ಚಿಪ್, ಅಸಲಿಯದನ್ನು ಈಗ ಯಾರೂ ಹೊಸದಾಗಿ ಮಾಡುವುದಿಲ್ಲ. ಸಿಕ್ಕುವವರೆಗೆ ಕಾಯೋಣ ಅಂತ ನಾನು ಯಂತ್ರವನ್ನು ಬಟ್ಟೆ ಸುತ್ತಿ ಇಟ್ಟೆ. ಬಹಳ ಕಾಲ ಹಾಗೇ ಇತ್ತು.

ಈ ವರ್ಷ ಇಂಗ್ಲೆಂಡಿನಿಂದ ಒಂದು ಪಾರ್ಸೆಲ್ ಬಂತು. ಕಪ್ಪು ಸ್ಪಂಜಿಗೆ ಚುಚ್ಚಿದ್ದ ವಿಡಿಯೋ ಯುಎಲ್‌ಎ, ಜೊತೆಗೆ ಒಂದು 6522. ಕೈಬರಹದ ಚೀಟಿಯಲ್ಲಿ ಯಾವ ಕಾಲು ಯಾವ ಕಡೆ ಅಂತ ಚಿತ್ರ. ಎಲ್ಲಿ ಸಿಕ್ಕಿತು ಅಂತ ಕೇಳಿದರೆ ತಾತ ಮಾತು ಮರೆಸಿದರು. ಅವರ ಮಗಳು ಆಮೇಲೆ ಹೇಳಿದಳು, ಅದು ಅವರ ಸ್ವಂತ ಯಂತ್ರದಿಂದ ತೆಗೆದದ್ದು. ಕೈ ನಡುಗುತ್ತದೆ, ಇನ್ನು ಮೂರು ಯಂತ್ರ ನೋಡಿಕೊಳ್ಳಲು ಆಗುವುದಿಲ್ಲ, ಎರಡು ಸಾಕು ಅಂದರಂತೆ.

ಭಾನುವಾರ ನನ್ನ ಮಗಳೇ ಚಿಪ್ ಕೂರಿಸಿದಳು. ತಾತ ಆ ಕಡೆಯಿಂದ ನೋಡುತ್ತಿದ್ದರು. ಪರದೆಯಲ್ಲಿ "ಬಿಬಿಸಿ ಕಂಪ್ಯೂಟರ್ 32ಕೆ" ಅಂತ ಬಂದಾಗ ಆ ಕಡೆ ಅವರು, ಈ ಕಡೆ ನಾವು ಒಟ್ಟಿಗೇ ಕೂಗಿದೆವು. ಅವಳು ಬೇಸಿಕ್‌ನಲ್ಲಿ ಬರೆದ ಮೊದಲ ಎರಡು ಸಾಲಿನ ಪ್ರೋಗ್ರಾಮ್ ತಾತನ ಹೆಸರನ್ನು ಪರದೆ ತುಂಬ ಬರೆಯಿತು.

ಲೀಡ್ಸ್ ತಾತ, ಪುಣೆ ಕಾಕಾ, ಬಸವನಗುಡಿಯ ಅಣ್ಣ ಅಕ್ಕ, ಹುಬ್ಬಳ್ಳಿ ಮೇಷ್ಟ್ರು, ಕೊಯಮತ್ತೂರಿನ ತಮ್ಮ, ನಿಮಗೆಲ್ಲ ನಮ್ಮ ಮನೆಯವರ ನಮಸ್ಕಾರ. ಅಪ್ಪನ ಪದಗಳನ್ನು ಪ್ರಿಂಟ್ ಹಾಕಿಸಿ ನಮ್ಮ ಊರಿನ ಮನೆಮನೆಗೂ ಕೊಟ್ಟಿದ್ದೇವೆ. ಹಾಡಿದ ಅಜ್ಜಿಯರ ಮೊಮ್ಮಕ್ಕಳ ಕೈಗೂ ಸೇರಿದೆ. ನಿಮ್ಮ ಪ್ರತಿಗಳು ಈ ವಾರ ಅಂಚೆಗೆ ಹೋಗುತ್ತವೆ. ಕಾಕಾ ಅವರದಕ್ಕೆ ದೇವನಾಗರಿಯಲ್ಲಿ ಬೇರೆಯೇ ಒಂದು ಪ್ರತಿ ಮಾಡಿಸಿದ್ದೇನೆ.

ಕೊನೆಗೆ ಒಂದು ಮಾತು, ಓದುತ್ತಿರುವ ಬೇರೆಯವರಿಗೆ. ರಿಫಾ ಬದಲಿಗೆ ಹಾಕುವ ಕೆಪ್ಯಾಸಿಟರ್‌ಗಳು, ಚಿಪ್ ಸಾಕೆಟ್‌ಗಳು, ಒಂದು ಕೆಲಸ ಮಾಡುವ 360 ಕೆಬಿ ಡ್ರೈವ್, ಒಂದು ಗ್ರೀಸ್‌ವೀಝಲ್ ನನ್ನ ಹತ್ತಿರ ಇವೆ. ಮನೆಯಲ್ಲಿ ಹಿರಿಯರ ಹಳೇ ಕನ್ನಡ ಫ್ಲಾಪಿ ಇದ್ದರೆ ಎಸೆಯಬೇಡಿ, ಒದ್ದೆಯಾಗಿದ್ದರೂ, ಬೂಷ್ಟು ಹಿಡಿದಿದ್ದರೂ ಸರಿ. ನನಗೊಂದು ಮೆಸೇಜ್ ಹಾಕಿ. ಓದಿಸಿ ಕೊಡುತ್ತೇನೆ, ಅಂಚೆ ಖರ್ಚೂ ನನ್ನದೇ.