ಹೊರಡುವಾಗ ಸ್ವಲ್ಪ ಚಳಿಯಾಗಲಿ

ಎಲೆಗಳು ಬಣ್ಣಕ್ಕೆ ತಿರುಗಿವೆ, ಕೂಟದ ಚಾರಣದ ಪಟ್ಟಿಯೂ ತುಂಬುತ್ತಿದೆ. ಹಿಂದಿನ ಚಾರಣದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನು ಕಂಡವರು ಇಂದಿಗೂ ನಗುತ್ತಾರೆ. ಕಾಣದವರಿಗಾಗಿ ನಾನೇ ಹೇಳಿಬಿಡುತ್ತೇನೆ. ಜೀನ್ಸ್, ಹತ್ತಿಯ ಬನಿಯನ್, ಅದರ ಮೇಲೆ ಮನೆಯಲ್ಲಿದ್ದವುಗಳಲ್ಲೇ ಅತಿ ದಪ್ಪನೆಯ ಜಾಕೆಟ್ ತೊಟ್ಟು ಹೊರಟಿದ್ದೆ. ಬೆಳಗಿನ ಚಳಿಗೆ ಹಾಯೆನಿಸಿತ್ತು. ಏರುದಾರಿ ಹಿಡಿದ ಅರ್ಧ ಗಂಟೆಯಲ್ಲಿ ಬೆನ್ನು ತೊಯ್ದು ತೊಪ್ಪೆಯಾಯಿತು. ತುದಿಯಲ್ಲಿ ಸುತ್ತಣ ಕಾಡನ್ನು ನೋಡುತ್ತಾ ನಿಂತದ್ದು ಹತ್ತೇ ನಿಮಿಷ. ಗಾಳಿ ಬೀಸಿದ್ದೇ ತಡ, ಹಲ್ಲುಗಳು ಕಟಕಟ ಎನ್ನತೊಡಗಿದವು. ಅಂದು ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ನನ್ನನ್ನು ನೆನೆಸಿದ್ದು ನನ್ನದೇ ಬೆವರು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹತ್ತಿಯೋ ನೀರನ್ನು ಹೀರಿಕೊಂಡು ಬಿಡಲೊಲ್ಲದು, ಒಣಗಲೂ ಒಲ್ಲದು. ಬೇಸಿಗೆಯಲ್ಲಿ ಇದೇ ಗುಣ ತಂಪು ಕೊಡುತ್ತದೆ, ಶರತ್ಕಾಲದಲ್ಲಿ ಮೈಯ ಬಿಸಿಯನ್ನು ಕದಿಯುತ್ತದೆ. ತೆಳು ಉಣ್ಣೆಯ ಒಳಂಗಿ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ನೂಲಿನೊಳಗೆ ಅಡಗಿಸಿಕೊಂಡೂ ಮೈಗೆ ಬೆಚ್ಚಗಿರುತ್ತದೆ. ಚುಚ್ಚುತ್ತದೆ ಎನ್ನುವವರು ಮೆರಿನೊ ಉಣ್ಣೆಯದನ್ನು ತೊಟ್ಟು ನೋಡಿ. ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ, ಎರಡನೆಯ ದಿನಕ್ಕೆ ನಾರುತ್ತದೆ. ಒಂದು ದಿನದ ಚಾರಣಕ್ಕೆ ಅದೇ ಸಾಕು.

ಒಳಂಗಿಯ ಮೇಲೆ ಬೆಚ್ಚಗಿಡಲು ಫ್ಲೀಸ್ ಎಂಬ ಮೆತ್ತನೆಯ ಬಟ್ಟೆಯ ಅಂಗಿ, ಅದರ ಮೇಲೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್. ಈ ಮೂರು ಪದರಗಳ ಪಾಠವನ್ನು ಎಲ್ಲರೂ ಒಪ್ಪಿಸುತ್ತಾರೆ. ಅವನ್ನು ಯಾವಾಗ ಕಳಚಬೇಕೆಂದು ಹೇಳುವವರು ಕಡಿಮೆ. ಹೊರಡುವಾಗಲೇ ಒಂದು ಪದರ ಚೀಲದಲ್ಲಿರಲಿ. ಮೊದಲ ಹತ್ತು ನಿಮಿಷ ಚಳಿಯೆನಿಸಿದರೆ ಲೆಕ್ಕ ಸರಿಯಾಗಿದೆ ಎಂದರ್ಥ. ಬೆವರು ಒಡೆಯುವ ಮುನ್ನ ಕಳಚಿ, ನಿಂತ ಕೂಡಲೇ ತೊಡಿ. ‘ಗುಂಪು ಕಾಯುತ್ತದಲ್ಲ’ ಎಂದು ಸಂಕೋಚಪಟ್ಟು ಜಾಕೆಟ್ ತೆಗೆಯದೆ ನಡೆಯುವುದೇ ನಮ್ಮವರ ದೊಡ್ಡ ತೊಂದರೆ. ಕಾಯಲಿ ಬಿಡಿ. ಹವಾಮಾನ ನೋಡುವಾಗಲೂ ಕಾರು ನಿಲ್ಲಿಸುವ ಜಾಗದ ಉಷ್ಣತೆಯನ್ನು ನಂಬಬೇಡಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ, ಗಾಳಿಯ ಕೊರೆತ ಬೇರೆ.

ಕಾಲಿನ ವಿಷಯ ಚಿಕ್ಕದು. ಬೂಟಿನ ತಳ ಸವೆದಿದ್ದರೆ ಬದಲಿಸಿ, ಒದ್ದೆ ಎಲೆಗಳ ಕೆಳಗಿನ ಬೇರು ಕಣ್ಣಿಗೆ ಬೀಳುವುದಿಲ್ಲ. ಹೊಸ ಬೂಟನ್ನು ಚಾರಣದ ದಿನವೇ ಮೊದಲ ಬಾರಿ ತೊಡಬೇಡಿ. ಒಣ ಕಾಲುಚೀಲದ ಒಂದು ಜೊತೆಯನ್ನು ಮಲಗುವುದಕ್ಕೆಂದೇ ಎತ್ತಿಡಿ.

ಇನ್ನು ರಾತ್ರಿ ತಂಗುವವರಿಗೆ. ಸ್ಲೀಪಿಂಗ್ ಬ್ಯಾಗಿನ, ಅಂದರೆ ಮಲಗುವ ಚೀಲದ, ಮೇಲಿನ ಅಂಕಿಗಳು ಬಹಳ ಮಂದಿಯನ್ನು ನಡುಗಿಸಿವೆ. ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷಿಸಿದ ಚೀಲಗಳಿಗೆ ಒಂದಲ್ಲ, ಹಲವು ಉಷ್ಣತೆಗಳಿರುತ್ತವೆ. ‘ಕಂಫರ್ಟ್’ ಎಂದರೆ ಕೈಕಾಲು ಸಡಿಲಬಿಟ್ಟು ನಿದ್ರಿಸಬಹುದಾದ ಮಟ್ಟ. ‘ಲಿಮಿಟ್’ ಎಂದರೆ ಮುದುಡಿಕೊಂಡು ಹೇಗೋ ಬೆಳಗು ಮಾಡುವ ಮಟ್ಟ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಯುವ ಲೆಕ್ಕ, ನಿದ್ರೆಯದಲ್ಲ. ಚೀಲದ ಮೇಲೆ ದಪ್ಪಕ್ಷರದಲ್ಲಿರುವುದು ಇವುಗಳಲ್ಲಿ ಯಾವುದೆಂದು ನೋಡದೆ ಕೊಳ್ಳಬೇಡಿ. ಮುನ್ಸೂಚನೆಯ ಕನಿಷ್ಠ ಉಷ್ಣತೆಗಿಂತ ಕಂಫರ್ಟ್ ಅಂಕಿ ಐದು ಡಿಗ್ರಿ ಕೆಳಗಿದ್ದರೆ ನನಗೆ ನೆಮ್ಮದಿ.

ಚೀಲ ಎಷ್ಟೇ ಬೆಲೆಬಾಳಲಿ, ಮೈಭಾರಕ್ಕೆ ಅದುಮಿದ ತುಪ್ಪುಳದಲ್ಲಿ ಗಾಳಿ ಉಳಿಯದು. ಕೆಳಗಿನಿಂದ ನೆಲ ಬಿಸಿಯನ್ನು ಎಳೆಯುತ್ತಲೇ ಇರುತ್ತದೆ. ಅದನ್ನು ತಡೆಯುವುದು ಅಡಿಯ ಚಾಪೆ. ಅದರ ಆರ್ ಮೌಲ್ಯ ಹೆಚ್ಚಿದಷ್ಟೂ ತಡೆ ಹೆಚ್ಚು, ಎರಡು ಚಾಪೆಗಳನ್ನು ಒಂದರ ಮೇಲೊಂದು ಹಾಸಿದರೆ ಮೌಲ್ಯಗಳೂ ಕೂಡಿಕೊಳ್ಳುತ್ತವೆ. ಹಣ ಬಿಗಿಯಾಗಿದ್ದರೆ ಚೀಲಕ್ಕಿಂತ ಮೊದಲು ಚಾಪೆಗೆ ಹಾಕಿ ಎಂಬುದು ನನ್ನ ಅಭಿಪ್ರಾಯ. ನನ್ನ ಮನೆಯಲ್ಲೇ ಇದಕ್ಕೆ ಒಪ್ಪಿಗೆ ಇಲ್ಲ. ಡೇರೆಯನ್ನು ಕಣಿವೆಯ ತಳದಲ್ಲಿ ಹೂಡಬೇಡಿ. ಮೋಡವಿಲ್ಲದ ರಾತ್ರಿ ತಣ್ಣನೆಯ ಗಾಳಿ ನೀರಿನಂತೆ ಇಳಿದು ಅಲ್ಲೇ ಮಡುಗಟ್ಟುತ್ತದೆ.

ಬೆಳಗಿನ ಕಾಫಿಯ ಆಸೆಯಿದ್ದವರು ಗ್ಯಾಸ್ ಡಬ್ಬಿಯ ಮೇಲಿನ ಬರಹ ಓದಿ. ಬ್ಯೂಟೇನ್ ಶೂನ್ಯಕ್ಕಿಂತ ಅರ್ಧ ಡಿಗ್ರಿ ಕೆಳಗಿಳಿದರೆ ಆವಿಯಾಗುವುದಿಲ್ಲ, ಒಲೆ ಸೊರಗುತ್ತದೆ. ಪ್ರೊಪೇನ್ ಬೆರೆತದ್ದು ಕೈಕೊಡುವುದು ಕಡಿಮೆ. ಎಷ್ಟೇ ಚಳಿಯಿರಲಿ, ಒಲೆಯನ್ನಾಗಲಿ ಕೆಂಡವನ್ನಾಗಲಿ ಡೇರೆಯೊಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಎಚ್ಚರಿಸದೆ ಕೊಲ್ಲುತ್ತದೆ. ಹೆಡ್‌ಲ್ಯಾಂಪ್ ಒಬ್ಬೊಬ್ಬರಿಗೆ ಒಂದು ಇರಲಿ, ಮಕ್ಕಳಿಗೂ. ಹೊತ್ತು ದಿನದಿನಕ್ಕೆ ಬೇಗ ಮುಳುಗುತ್ತಿದೆ, ಕಾಡಿನೊಳಗೆ ಇನ್ನೂ ಬೇಗ.

ಮೊದಲ ಸಲ ಬರುವವರು ಎಲ್ಲವನ್ನೂ ಕೊಳ್ಳಲು ಓಡಬೇಡಿ. ಬೂಟು, ಕಾಲುಚೀಲ, ಒಳಂಗಿ ನಿಮ್ಮವೇ ಆಗಿರಲಿ, ಉಳಿದವನ್ನು ಕೂಟದವರಲ್ಲಿ ಕೇಳಿ. ನನ್ನ ಬಳಿ ಒಂದು ಮಲಗುವ ಚೀಲ, ಎರಡು ಚಾಪೆ ಹೆಚ್ಚಿಗೆ ಇವೆ. ಆ ದಪ್ಪ ಜಾಕೆಟ್ಟೂ ಇದೆ. ನಡೆಯುವಾಗ ಕೆಲಸಕ್ಕೆ ಬಾರದಿದ್ದರೂ ರಾತ್ರಿ ಅಲುಗಾಡದೆ ಕೂತು ಹರಟುವುದಕ್ಕೆ ಅದಕ್ಕೆ ಸಮನಾದದ್ದಿಲ್ಲ.